ಸಹಾಯ ಬೇಕು: ಜೋರು ಸದ್ದು ಕೇಳಿದರೆ ಈಗಲೂ ನಡುಗುತ್ತೇನೆ

2020ರ ಆಗಸ್ಟ್ 4ರ ಸಂಜೆ ನಾನು ಲೆಬನಾನಿನ ರಾಜಧಾನಿ ಬೈರೂತ್‌ನಲ್ಲಿದ್ದೆ. ಇದ್ದಕ್ಕಿದ್ದಂತೆ ಭಾರಿ ಸ್ಫೋಟ ಆಯಿತು. ಬಂದರಿನ ಗೋದಾಮಿನಲ್ಲಿ ವರ್ಷಗಟ್ಟಲೆ ಸುಮ್ನೆ ಬಿದ್ದಿದ್ದ 2,750 ಟನ್ ಅಮೋನಿಯಂ ನೈಟ್ರೇಟ್ ಎಂಬ ರಾಸಾಯನಿಕ ಸಿಡಿದದ್ದು ಅಂತ ಆಮೇಲೆ ಗೊತ್ತಾಯಿತು. ಆಗ ಕಂಡದ್ದು ಬರೀ ಧೂಳು. ಬೀದಿ ತುಂಬ ಗಾಜಿನ ಚೂರು, ಹೆಜ್ಜೆ ಇಟ್ಟಲ್ಲೆಲ್ಲ ಕರಕರ ಸದ್ದು. ಒಬ್ಬ ಅಜ್ಜಿ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು, ಬಾಗಿಲೇ ಉಳಿಯದ ಮನೆಯ ಮುಂದೆ ಬೀಗದ ಕೈ ಹಿಡಿದು ನಿಂತಿದ್ದರು. ಅವರ ಮುಖ ಕಣ್ಣಿಂದ ಹೋಗುತ್ತಿಲ್ಲ.

200ಕ್ಕೂ ಜಾಸ್ತಿ ಜನ ತೀರಿಹೋದರು, ನಾನು ಉಳಿದೆ. ಈಗಲೂ ಬಾಗಿಲು ದಡಾರನೆ ಬಡಿದರೆ ಕೈಕಾಲು ನಡುಗುತ್ತವೆ. ಕಿಟಕಿ ಪಕ್ಕ ಮಲಗಲು ಆಗುವುದಿಲ್ಲ.

ಇಂಥದ್ದನ್ನು ದಾಟಿ ಬಂದವರು ಇಲ್ಲಿದ್ದೀರಾ? ಕನ್ನಡದಲ್ಲೇ ಫೋನಿನಲ್ಲಿ ಮಾತಾಡುವ ಆಪ್ತ ಸಮಾಲೋಚಕರು ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಇಂಗ್ಲಿಷಿನಲ್ಲಿ ಹೇಳಲು ಹೋದರೆ ಅಳು ಬರುತ್ತದೆ, ಮಾತು ಬರುವುದಿಲ್ಲ.