ಹಳೇ ಡಿವಿಡಿ, ಹೊಸ ಎಚ್‌ಡಿ ಟಿವಿ: ಚಿತ್ರ ಮಸುಕಾದರೆ ಏನು ಮಾಡೋದು?

ಪ್ರಶ್ನೆ (ನವನಗರ, ಬಾಗಲಕೋಟೆ): ಹೊಸದಾಗಿ 43 ಇಂಚಿನ ಫುಲ್ ಎಚ್‌ಡಿ ಟಿವಿ ತಂದಿದ್ದೇವೆ. ಅಪ್ಪಾಜಿ ಶ್ರೀಕೃಷ್ಣ ಪಾರಿಜಾತ ಬಯಲಾಟದಲ್ಲಿ ಹಾಡಿದ ಡಿವಿಡಿ ಹಾಕಿದರೆ ಅವರ ಮುಖವೇ ಮಸುಕು. ಹಳೇ ಡಬ್ಬಾ ಟಿವಿಯಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ಅಪ್‌ಸ್ಕೇಲಿಂಗ್ ಪ್ಲೇಯರ್ ತಗೊಂಡರೆ ಸರಿಹೋಗುತ್ತಾ? ಬಳಸಿದವರು ಹೇಳ್ರಿ.

ವಿಜಯಪುರದಿಂದ: ಅಕ್ಕಾರೇ, ನಿಮ್ಮ ಡಿಸ್ಕ್ ಕೆಟ್ಟಿಲ್ಲ, ಗಾಬರಿ ಬೇಡ. ನಮ್ಮ ಕಡೆಯ ಪಾಲ್ (PAL, ನಮ್ಮ ದೇಶದ ಹಳೇ ಟಿವಿಗಳ ಚಿತ್ರ ಪದ್ಧತಿ) ಡಿವಿಡಿಯಲ್ಲಿ ಅಡ್ಡಕ್ಕೆ 720, ಉದ್ದಕ್ಕೆ 576 ಚುಕ್ಕಿ ಇರುತ್ತವೆ. ಡಬ್ಬಾ ಟಿವಿ ಅಷ್ಟಕ್ಕೇ ಮಾಡಿದ್ದು, ತೆರೆಯೂ ಸಣ್ಣದು. ಫುಲ್ ಎಚ್‌ಡಿಗೆ ಬೇಕಾದ್ದು 1920 ಮತ್ತು 1080, ಅಂದರೆ ಒಟ್ಟು ಐದು ಪಟ್ಟು ಚುಕ್ಕಿ. ಕಡಿಮೆ ಬಿದ್ದದ್ದನ್ನು ಪಕ್ಕದ ಚುಕ್ಕಿ ನೋಡಿ ಅಂದಾಜಿನ ಮೇಲೆ ತುಂಬೋದೇ ಅಪ್‌ಸ್ಕೇಲಿಂಗ್. ಕ್ಯಾಮೆರಾಗೆ ಸಿಗದೇ ಹೋದದ್ದು ಇದರಿಂದ ಬರುವುದಿಲ್ಲ.

ಆದರೆ ನಮ್ಮನೆಯಲ್ಲಿ ಫರಕು ಕಂಡದ್ದು ವೈರಿನಿಂದ. ತಂಗಿಯ ಮದುವೆ ಡಿವಿಡಿಯಲ್ಲಿ ಅವ್ವನ ಇಳಕಲ್ ಸೀರೆಯ ಕೆಂಪು ಸೆರಗು ಪಕ್ಕದವರ ಬಿಳಿ ಅಂಗಿಯ ಮೇಲೆ ಹರಿದಂತೆ ಕಾಣುತ್ತಿತ್ತು. ಹಾಕಿದ್ದು ಹಳದಿ ಪಿನ್ನಿನ ಎವಿ ವೈರ್. ಅದರಲ್ಲಿ ಬೆಳಕು, ಬಣ್ಣ ಎರಡೂ ಒಂದೇ ತಂತಿಯಲ್ಲಿ ಬೆರೆತು ಬರುತ್ತವೆ. ಎಚ್‌ಡಿಎಂಐ (ಚಿತ್ರ, ದನಿ ಎರಡನ್ನೂ ಡಿಜಿಟಲ್ ಆಗಿ ಟಿವಿಗೆ ಒಯ್ಯುವ ವೈರಿನ ಕಿಂಡಿ) ಇರುವ ಪ್ಲೇಯರ್ ತಂದು, ಸೆಟಪ್‌ನಲ್ಲಿ ರೆಸಲ್ಯೂಷನ್ 1080ಪಿ, ಟಿವಿ ಆಕಾರ 16:9 ಇಟ್ಟೆವು. ಸೆರಗು ತನ್ನ ದಡಿಯೊಳಗೇ ನಿಂತಿತು. ಅವ್ವ ಎದ್ದು ಟಿವಿ ಹತ್ತಿರ ಹೋಗಿ ನೋಡಿದಳು.

ಟಿಳಕವಾಡಿ, ಬೆಳಗಾವಿಯಿಂದ: ಇನ್ನೊಂದು ಮಾತು. ಒಮ್ಮೆ ಪ್ಲೇಯರ್ ಅನ್ನು 576ಪಿಗೆ, ಅಂದರೆ ಡಿವಿಡಿಯದೇ ಅಳತೆಗೆ, ಇಟ್ಟೂ ನೋಡಿ. ಆಗ ಚಿತ್ರ ಹಿಗ್ಗಿಸುವ ಕೆಲಸ ಟಿವಿಗೆ ಬೀಳುತ್ತದೆ. ಕೆಲವು ಟಿವಿಗಳು ಅಗ್ಗದ ಪ್ಲೇಯರ್‌ಗಿಂತ ಅದನ್ನು ಚೆನ್ನಾಗಿ ಮಾಡುತ್ತವೆ. ಪರೀಕ್ಷೆ ಮಾಡೋದು ನಿಂತ ಚಿತ್ರದಲ್ಲಲ್ಲ, ಕುಣಿತದಲ್ಲಿ. ಕೈ ಬೀಸಿದಾಗ ಅಂಚಿನಲ್ಲಿ ಬಾಚಣಿಕೆ ಹಲ್ಲಿನಂಥ ಗೆರೆ ಎದ್ದರೆ, ಒಂದು ಬಿಟ್ಟು ಒಂದು ಸಾಲಾಗಿ ಬರುವ ಚಿತ್ರವನ್ನು ಪ್ಲೇಯರ್ ಸರಿಯಾಗಿ ಹೊಂದಿಸುತ್ತಿಲ್ಲ ಅಂತ ಅರ್ಥ. ಟಿವಿಯ ಶಾರ್ಪ್‌ನೆಸ್ ಕಡಿಮೆ ಮಾಡಿ. ಜಾಸ್ತಿ ಮಾಡಿದರೆ ಮುಖದ ಸುತ್ತ ಬಿಳಿ ಅಂಚು ಏಳುತ್ತದೆ, ಅಷ್ಟೇ. ನಾನು ಬ್ಲೂ-ರೇ ಪ್ಲೇಯರ್ ತಗೊಂಡೆ, ಅದರಲ್ಲಿ ಡಿವಿಡಿಯೂ ಓಡುತ್ತದೆ. ಅಂಗಡಿಯ ಡೆಮೊ ನೋಡಿ ಕೊಳ್ಳಬೇಡಿ. ನಿಮ್ಮದೇ ಡಿಸ್ಕ್ ಒಯ್ಯಿರಿ.

ಇಳಕಲ್‌ನಿಂದ: ಅದು ಡಿವಿಡಿಯೋ, ವಿಸಿಡಿಯೋ (ಹಳೇ ವಿಡಿಯೋ ಸಿಡಿ) ನೋಡ್ಕೊಳ್ರಿ. ವಿಸಿಡಿ ಆದರೆ ಬರೀ 352 ಮತ್ತು 288 ಚುಕ್ಕಿ, ಯಾವ ಪ್ಲೇಯರ್‌ಗೂ ಕಷ್ಟ. ಮತ್ತೆ, ಅಪ್ಪಾಜಿ ಹಾಡಿದ್ದು ಅಂದ್ರಿ. ಮೊದಲು ಡಿಸ್ಕಿನ ಫೈಲುಗಳನ್ನು ಇದ್ದ ಹಾಗೇ ಎರಡು ಕಡೆ ಕಾಪಿ ಮಾಡಿ ಇಡಿ. ನಮ್ಮ ಕಾಕಾನ ಭಜನೆಯ ಡಿಸ್ಕ್ ಗೀರು ಬಿದ್ದು ಹೋಯಿತು. ಇನ್ನೊಂದು ಪ್ರತಿ ಇರಲಿಲ್ಲ.

ನವನಗರದಿಂದ: ಈಗಷ್ಟೇ ಟಿವಿ ಹಿಂದೆ ಕೈ ಹಾಕಿ ನೋಡಿದೆ. ಹಳದಿ ಪಿನ್ನೇ ಇದೆ, ಪ್ಲೇಯರ್‌ಗೆ ಎಚ್‌ಡಿಎಂಐ ಇಲ್ಲವೇ ಇಲ್ಲ. ಡಿಸ್ಕ್ ಮಾತ್ರ ಡಿವಿಡಿನೇ. ತಮ್ಮ ಕಾಪಿ ಮಾಡಲು ಕೂತಿದ್ದಾನೆ, ಅದಾದ ಮೇಲೆ ಡಿಸ್ಕ್ ಹಿಡಿದುಕೊಂಡೇ ಅಂಗಡಿಗೆ ಹೋಗ್ತೀವಿ.