ಮಳೆ ಅಂಕಿಗೆ ಯಾವ ಲೈಸೆನ್ಸ್, ಕೋಡ್‌ಗೆ ಯಾವುದು? (ಪ್ರಶ್ನೋತ್ತರ)

ಪ್ರಶ್ನೆ (ಪಿಎಚ್‌ಡಿ ವಿದ್ಯಾರ್ಥಿ, ರಾಯಚೂರು): ಸರ್, ನಮಸ್ಕಾರ್ರೀ. ಸಿಂಧನೂರು, ಮಾನ್ವಿ, ದೇವದುರ್ಗ ಕಡೆ 14 ಹಳ್ಳಿಯೊಳಗ ನಾವೇ ಮಳೆಮಾಪಕ ಇಟ್ಟು ಮೂರು ವರ್ಷ ದಿನಾ ಮುಂಜಾನೆ 8:30ಕ್ಕ ಅಳತಿ ಬರ್ಕೊಂಡೀವಿ. ಜೊತಿಗೆ ಇಲಾಖೆಯಿಂದ ಪಡದ ಪಂಚಾಯ್ತಿ ಮಟ್ಟದ ಮಳೆ ಅಂಕಿ, ಯುರೋಪಿನ ಇಆರ್‌ಎ5 ಹವಾಮಾನ ಅಂಕಿ, ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನೋ ಮುಕ್ತ ನಕ್ಷೆಯ ಗಡಿರೇಖೆ, ನಮ್ಮ ಪೈಥಾನ್ ಸ್ಕ್ರಿಪ್ಟ್ ಅದಾವ. ಎಲ್ಲಾ ಒಂದೇ ಜಿಪ್ ಮಾಡಿ ಝೆನೋಡೋಕ್ಕ (ಸಂಶೋಧನಾ ಅಂಕಿ ಇಡೋ ತಾಣ) ಹಾಕಿ ‘ಸಿಸಿ ಬೈ’ (ಹೆಸರು ಹೇಳಿ ಯಾರಾದ್ರೂ ಬಳಸಬಹುದು ಅನ್ನೋ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್) ಅಂತ ಬರದ್ರ ನಡಿತದೇನ್ರಿ?

ಉತ್ತರ (ಡೇಟಾ ಲೈಬ್ರರಿಯನ್): ನಡೆಯಲ್ಲ. ಮಡಿಕೆ ನಿಮ್ಮದು, ಒಳಗಿನ ಮಜ್ಜಿಗೆ ನಾಲ್ಕು ಮನೆಯದು. ನಿಮ್ಮದಲ್ಲದ್ದಕ್ಕೆ ನೀವು ಲೈಸೆನ್ಸ್ ಕೊಡಲು ಬರುವುದಿಲ್ಲ. ಜಿಪ್ ಬಿಚ್ಚಿ ನಾಲ್ಕು ಫೋಲ್ಡರ್ ಮಾಡಿ, ಒಂದೊಂದನ್ನೇ ನೋಡೋಣ.

ನಿಮ್ಮ ಸ್ವಂತ ಅಳತೆಗೆ ಸಿಸಿ ಬೈ 4.0 ಸರಿ. 3.0 ಬೇಡ. ಯುರೋಪಿನಲ್ಲಿ ಡೇಟಾಬೇಸ್‌ಗೆಂದೇ 15 ವರ್ಷದ ಪ್ರತ್ಯೇಕ ಹಕ್ಕಿದೆ, ಅದನ್ನೂ ಸೇರಿಸಿ ಅನುಮತಿ ಕೊಡುವುದು 4.0 ಆವೃತ್ತಿ. ನಮ್ಮ ದೇಶದಲ್ಲಿ ಆ ಹಕ್ಕಿಲ್ಲ, ಆದರೆ ನಿಮ್ಮ ಅಂಕಿ ಬಳಸುವವರು ಜರ್ಮನಿಯಲ್ಲೂ ಇರಬಹುದು. ಹಾಕುವ ಮುಂಚೆ ಯೋಜನೆಯ ಮಂಜೂರಾತಿ ಪತ್ರ, ವಿಶ್ವವಿದ್ಯಾಲಯದ ನಿಯಮ ಎರಡನ್ನೂ ಓದಿ. ಅಳತೆ ತೆಗೆದವರು ನೀವಾದರೂ ಹಕ್ಕು ಸಂಸ್ಥೆಯದ್ದಾಗಿರಬಹುದು. ಆಗ ಮಾರ್ಗದರ್ಶಕರ ಮೂಲಕ ಸಂಸ್ಥೆಯ ಲಿಖಿತ ಒಪ್ಪಿಗೆ ಪಡೆದು ಇಟ್ಟುಕೊಳ್ಳಿ. ಒಮ್ಮೆ ಸಿಸಿ ಬೈ ಅಂತ ಬಿಟ್ಟರೆ ವಾಪಸ್ ತಗೊಳ್ಳಲು ಬರುವುದಿಲ್ಲ. ಮುಂದಿನ ಆವೃತ್ತಿಗೆ ಬೇರೆ ಲೈಸೆನ್ಸ್ ಹಾಕಬಹುದು, ಹೋದದ್ದು ಹೋದಂತೆ.

ಇಲಾಖೆಯ ಅಂಕಿಯನ್ನು ಜಿಪ್‌ನಿಂದ ತೆಗೆಯಿರಿ. ಅಂಕಿ ಕೊಡುವಾಗ ‘ಮೂರನೆಯವರಿಗೆ ಕೊಡುವುದಿಲ್ಲ’ ಎಂದು ಸಹಿ ಮಾಡಿಸಿಕೊಂಡಿದ್ದರೆ ಚರ್ಚೆಯೇ ಇಲ್ಲ. ಅದರ ಬದಲು ಕೇಂದ್ರಗಳ ಪಟ್ಟಿ, ಯಾವ ದಿನದಿಂದ ಯಾವ ದಿನದವರೆಗೆ, ಯಾರಿಗೆ ಅರ್ಜಿ ಹಾಕಿದರೆ ಸಿಗುತ್ತದೆ, ಆ ಫೈಲು ಓದುವ ಸ್ಕ್ರಿಪ್ಟ್, ಇಷ್ಟು ಕೊಡಿ. ಅಂಕಿ ತರಿಸಿಕೊಂಡವರು ನಿಮ್ಮ ಲೆಕ್ಕವನ್ನು ಮತ್ತೆ ಮಾಡಿ ನೋಡಬಹುದು. ಮರುಹಂಚಿಕೆಗೆ ಅನುಮತಿ ಕೇಳುವುದಾದರೆ ಪತ್ರದಲ್ಲಿ ನಾಲ್ಕನ್ನು ಬಿಡಿಸಿ ಕೇಳಿ: ಮೂಲ ಅಂಕಿ ಹಾಕಬಹುದೇ, ತಿಂಗಳ ಮೊತ್ತ ಹಾಕಬಹುದೇ, ಬೇರೆಯವರು ವ್ಯಾಪಾರಕ್ಕೆ ಬಳಸಬಹುದೇ, ಹೆಸರು ಹೇಗೆ ಬರೆಯಬೇಕು. ‘ಸಂಶೋಧನೆಗೆ ಅನುಮತಿಸಿದೆ’ ಎಂಬ ಒಂದು ಸಾಲಿನ ಉತ್ತರದಿಂದ ಈ ನಾಲ್ಕರಲ್ಲಿ ಒಂದೂ ಬಗೆಹರಿಯುವುದಿಲ್ಲ. ಸರ್ಕಾರದ ಓಪನ್ ಡೇಟಾ ಪೋರ್ಟಲ್‌ನಿಂದ ಇಳಿಸಿದ ಅಂಕಿಯಾಗಿದ್ದರೆ ಮಾತು ಬೇರೆ. ಅಲ್ಲಿನದಕ್ಕೆ 2017ರಲ್ಲಿ ಪ್ರಕಟವಾದ ಸರ್ಕಾರಿ ಮುಕ್ತ ದತ್ತಾಂಶ ಲೈಸೆನ್ಸ್ ಇದೆ, ಮೂಲ ಹೇಳಿ ಬಳಸಬಹುದು.

ಇಆರ್‌ಎ5 ಬಳಸಲು, ಬದಲಿಸಲು, ಹಂಚಲು ಅಡ್ಡಿಯಿಲ್ಲ. ಅದನ್ನು ಕೊಡುವ ಕೊಪರ್ನಿಕಸ್ ಹವಾಮಾನ ಬದಲಾವಣೆ ಸೇವೆಯ ಹೆಸರು ಹೇಳಬೇಕು, ನೀವು ಕತ್ತರಿಸಿ ಸರಾಸರಿ ಮಾಡಿದ್ದರೆ ‘ಮಾರ್ಪಡಿಸಿದ ಮಾಹಿತಿ’ ಎಂದೂ ಬರೆಯಬೇಕು. ಮರೆತುಹೋಗುವುದು ಈ ಎರಡನೆಯದೇ.

ಓಪನ್‌ಸ್ಟ್ರೀಟ್‌ಮ್ಯಾಪ್ ಗಡಿ ಬರೀ ನಕ್ಷೆಯ ಚಿತ್ರದಲ್ಲಿದ್ದರೆ ಕೃಪೆ ಬರೆದರೆ ಸಾಕು. ಗಡಿಯ ಶೇಪ್‌ಫೈಲ್ (ಗಡಿರೇಖೆಯ ಡೇಟಾ ಫೈಲು) ತಿದ್ದಿ ಅದನ್ನೇ ಹಂಚಿದರೆ ಆ ಫೈಲು ಓಪನ್‌ಸ್ಟ್ರೀಟ್‌ಮ್ಯಾಪ್‌ನ ಓಡಿಬಿಎಲ್ (ಮುಕ್ತ ಡೇಟಾಬೇಸ್) ಲೈಸೆನ್ಸ್‌ನಲ್ಲೇ ಇರಬೇಕು, ಸಿಸಿ ಬೈ ಹಾಕುವಂತಿಲ್ಲ.

ಸ್ಕ್ರಿಪ್ಟ್‌ಗೆ ಸಿಸಿ ಬೇಡ. ತಮ್ಮ ಲೈಸೆನ್ಸನ್ನು ಸಾಫ್ಟ್‌ವೇರ್‌ಗೆ ಬಳಸಬೇಡಿ ಎಂದು ಕ್ರಿಯೇಟಿವ್ ಕಾಮನ್ಸ್‌ನವರೇ ಹೇಳುತ್ತಾರೆ. ಸೋರ್ಸ್ ಕೋಡ್ ಕೊಡುವ ಬಗ್ಗೆ ಅದರಲ್ಲಿ ಮಾತೇ ಇಲ್ಲ, ಪೇಟೆಂಟ್ ಹಕ್ಕನ್ನು ಅದು ಕೊಡುವುದಿಲ್ಲ. ಸಣ್ಣ ಸ್ಕ್ರಿಪ್ಟ್‌ಗೆ ಎಂಐಟಿ ಎಂಬ ಸರಳ ಸಾಫ್ಟ್‌ವೇರ್ ಲೈಸೆನ್ಸ್ ಸಾಕು. ಪೇಟೆಂಟ್ ವಿಷಯ ಬರಬಹುದು ಎನಿಸಿದರೆ ಅಪಾಚೆ 2.0. ತಿದ್ದಿ ಹಂಚುವವರು ತಮ್ಮ ಕೋಡನ್ನೂ ತೆರೆದಿಡಲೇಬೇಕು ಎಂದಿದ್ದರೆ ಜಿಪಿಎಲ್ 3. ಪೈಥಾನ್ ಲೈಬ್ರರಿಗಳಲ್ಲಿ ನಂಪೈ, ಪಾಂಡಾಸ್‌ಗಳದು (ಎಂಐಟಿಯಂತೆ ಸಡಿಲವಾದ) ಬಿಎಸ್‌ಡಿ ಲೈಸೆನ್ಸ್, ಎಕ್ಸ್‌ಅರೇಯದು ಅಪಾಚೆ, ಆದ್ದರಿಂದ ಇವುಗಳಿಂದ ಯಾವ ಕಟ್ಟೂ ಬೀಳದು. ಆದರೆ ಯಾರದೋ ಜಿಪಿಎಲ್ ಕೋಡ್‌ನಿಂದ ಒಂದು ಫಂಕ್ಷನ್ ಎತ್ತಿ ಅಂಟಿಸಿದ್ದರೆ ನಿಮ್ಮದೂ ಜಿಪಿಎಲ್ ಆಗಬೇಕು. ನಕ್ಷೆ ತಂತ್ರಾಂಶ ಕ್ಯೂಜಿಐಎಸ್‌ಗೆ ಪ್ಲಗಿನ್ ಬರೆದರೂ ಅಷ್ಟೇ.

ಮರುಪ್ರಶ್ನೆ (ಅದೇ ವಿದ್ಯಾರ್ಥಿ): ಲೈಸೆನ್ಸ್ ಹೆಸರು ಎಲ್ಲೆಲ್ಲಿ ಬರೀಬೇಕ್ರಿ?

ಉತ್ತರ: ಮೂರು ಕಡೆ. ಪ್ರತಿ ಫೋಲ್ಡರಿನಲ್ಲಿ ಲೈಸೆನ್ಸ್‌ನ ಪೂರ್ತಿ ಪಠ್ಯವಿರುವ ಫೈಲು. ಪ್ರತಿ ಸ್ಕ್ರಿಪ್ಟ್‌ನ ಮೊದಲ ಸಾಲಿನಲ್ಲಿ ಎಸ್‌ಪಿಡಿಎಕ್ಸ್ ಗುರುತು (ಲೈಸೆನ್ಸ್‌ನ ಪ್ರಮಾಣಿತ ಚಿಕ್ಕ ಹೆಸರು). ನೆಟ್‌ಸಿಡಿಎಫ್ (ಹವಾಮಾನ ಅಂಕಿ ಇಡುವ ಒಂದು ಮಾದರಿ) ಫೈಲಾದರೆ ಗ್ಲೋಬಲ್ ಅಟ್ರಿಬ್ಯೂಟ್‌ಗಳಲ್ಲಿ, ಅಂದರೆ ಫೈಲಿನೊಳಗಿನ ವಿವರಣೆಯ ಜಾಗದಲ್ಲಿ, ‘ಲೈಸೆನ್ಸ್’ ಎಂಬುದೊಂದು. ಇದನ್ನು ಕಟ್ಟಕಡೆಗೆ, ಫೈಲು ಉಳಿಸುವ ಹಿಂದಿನ ಸಾಲಿನಲ್ಲಿ ಬರೆಯಿರಿ. ಎಕ್ಸ್‌ಅರೇಯ ಹಳೆಯ ಆವೃತ್ತಿಗಳು ಕೂಡುವ, ಗುಣಿಸುವ ಲೆಕ್ಕ ಮಾಡಿದೊಡನೆ ಅಟ್ರಿಬ್ಯೂಟ್‌ಗಳನ್ನು ಉದುರಿಸಿಬಿಡುತ್ತವೆ. ಮೊದಲೇ ಬರೆದಿಟ್ಟು, ಮೀಟರಿನಿಂದ ಮಿಲಿಮೀಟರಿಗೆ ತರಲು 1000ದಿಂದ ಗುಣಿಸಿದರೆ ಲೈಸೆನ್ಸೂ ಹೋಯಿತು, ಮಾನದ ಹೆಸರೂ ಹೋಯಿತು. ಸಿಎಸ್‌ವಿಗೆ ಇಂಥ ಜಾಗವಿಲ್ಲ, ರೀಡ್‌ಮಿ (ವಿವರಣೆಯ ಫೈಲು) ಅದರ ಜೊತೆಗೇ ಇರಲಿ. ಝೆನೋಡೋದಲ್ಲಿ ಅಂಕಿ, ಕೋಡ್ ಎರಡು ಬೇರೆ ದಾಖಲೆಯಾಗಿ ಹಾಕಿ. ಎರಡಕ್ಕೂ ಬೇರೆ ಡಿಒಐ (ಉಲ್ಲೇಖಿಸಲು ಶಾಶ್ವತ ಗುರುತು) ಸಿಗುತ್ತದೆ, ಒಂದರಲ್ಲಿ ಇನ್ನೊಂದರ ಕೊಂಡಿ ಕೊಡಿ.

ಪೂರಕ (ವಕೀಲರು, ಬಳ್ಳಾರಿ): ಒಂದು ಮಾತು ಸೇರಿಸುತ್ತೇನೆ. ‘ಮಸ್ಕಿಯಲ್ಲಿ 32.4 ಮಿ.ಮೀ. ಮಳೆ’ ಎಂಬುದಕ್ಕೆ ಯಾರ ಕಾಪಿರೈಟೂ ಇಲ್ಲ, ಅದು ಸಂಗತಿ. 1957ರ ಕಾಪಿರೈಟ್ ಕಾಯ್ದೆಯ 2(ಒ) ಕಲಮಿನಲ್ಲಿ ಕಂಪ್ಯೂಟರ್ ಪ್ರೋಗ್ರಾಂ, ಕೋಷ್ಟಕ, ಡೇಟಾಬೇಸ್ ಎಲ್ಲ ಸಾಹಿತ್ಯ ಕೃತಿಯೇ. ಆದರೆ ಬರೀ ಬೆವರು ಸುರಿಸಿದರೆ ಸಾಲದು, ಕೌಶಲ, ವಿವೇಚನೆ ಕಾಣಬೇಕು ಎಂದು ಈಸ್ಟರ್ನ್ ಬುಕ್ ಕಂಪನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಂತ ‘ಕಾಪಿರೈಟೇ ಇಲ್ಲವಲ್ಲ’ ಎಂದು ಇಲಾಖೆಯ ಅಂಕಿ ಹಂಚಬೇಡಿ. ಸಹಿ ಹಾಕಿದ ಮುಚ್ಚಳಿಕೆ ಕಾಪಿರೈಟ್ ಅಲ್ಲ, ಕರಾರು. ಅದು ನಿಮ್ಮನ್ನು ಕಟ್ಟಿಹಾಕುತ್ತದೆ. ಮಳೆಮಾಪಕ ರೈತರ ಹೊಲದಲ್ಲಿದ್ದರೆ ಹೆಸರು, ಸರ್ವೆ ನಂಬರ್ ತೆಗೆದುಬಿಡಿ, ಅಕ್ಷಾಂಶ ರೇಖಾಂಶ ಎರಡು ದಶಮಾಂಶಕ್ಕೆ ನಿಲ್ಲಿಸಿ. ಸುಮಾರು ಒಂದು ಕಿಲೋಮೀಟರ್ ಆಚೀಚೆ ಆಗುತ್ತದೆ, ಮಳೆ ಅಧ್ಯಯನಕ್ಕೆ ಬಹುಮಟ್ಟಿಗೆ ಸಾಕು. ವೈಯಕ್ತಿಕ ಮಾಹಿತಿಯ ಪ್ರಶ್ನೆಯನ್ನು ಯಾವ ಲೈಸೆನ್ಸೂ ಬಗೆಹರಿಸುವುದಿಲ್ಲ.

ಪ್ರಶ್ನೆ (ರೈತ ಉತ್ಪಾದಕ ಕಂಪನಿ, ಕೊಪ್ಪಳ): ನಾವು ರೊಕ್ಕ ತಗೊಂಡು ರೈತರಿಗೆ ಮಳಿ ಎಸ್‌ಎಂಎಸ್ ಕಳಸ್ತೀವ್ರಿ. ಸಿಸಿ ಬೈ ಇರೋ ಅಂಕಿ ಬಳಸಬಹುದೇನು? ‘ಎನ್‌ಸಿ’ (ವ್ಯಾಪಾರಕ್ಕ ಬಳಸಬಾರದು) ಅಂತ ಇದ್ರ?

ಉತ್ತರ (ಡೇಟಾ ಲೈಬ್ರರಿಯನ್): ಸಿಸಿ ಬೈ ಆದರೆ ಧಾರಾಳವಾಗಿ. ಎನ್‌ಸಿ ಇದ್ದರೆ ಬೇಡ, ದುಡ್ಡು ಪಡೆಯುವ ಸೇವೆ ನಿಮ್ಮದು. (ಎನ್‌ಸಿ ಹಾಕುವ ಸಂಶೋಧಕರು ‘ದೊಡ್ಡ ಕಂಪನಿ ದುಡ್ಡು ಮಾಡಬಾರದು’ ಎಂದುಕೊಂಡಿರುತ್ತಾರೆ, ಹೊರಗುಳಿಯುವುದು ಇಂಥವರು. ನನ್ನ ಮಟ್ಟಿಗೆ ಮಳೆ ಅಂಕಿಗೆ ಎನ್‌ಸಿ ತಪ್ಪು ಆಯ್ಕೆ.) ಕನ್ನಡ ಎಸ್‌ಎಂಎಸ್ ಒಂದಕ್ಕೆ 70 ಅಕ್ಷರ, ಕೃಪೆ ಬರೆದರೆ ಮಳೆಗೇ ಜಾಗವಿಲ್ಲ. ಮಾಧ್ಯಮಕ್ಕೆ ತಕ್ಕ ರೀತಿಯಲ್ಲಿ ಹೆಸರಿಸಿದರೆ ಸಾಕೆಂದು 4.0 ಹೇಳುತ್ತದೆ. ನೋಂದಣಿ ಫಾರಂನಲ್ಲಿ, ನಿಮ್ಮ ಪುಟದಲ್ಲಿ ಮೂಲ, ಲೈಸೆನ್ಸ್, ಏನು ಬದಲಿಸಿದ್ದೀರಿ ಮೂರನ್ನೂ ಬರೆದು, ಎಸ್‌ಎಂಎಸ್‌ನಲ್ಲಿ ಚಿಕ್ಕ ಕೊಂಡಿ ಹಾಕಿ.

ಪ್ರಶ್ನೆ (ಉಪನ್ಯಾಸಕಿ, ಬಳ್ಳಾರಿ): ಕೋಡ್ ಹಂಚುವ ತಾಣ ಗಿಟ್‌ಹಬ್‌ನಲ್ಲಿ ಬರ ಸೂಚ್ಯಂಕದ ಒಳ್ಳೆಯ ಕೋಡ್ ಸಿಕ್ಕಿದೆ. ಲೈಸೆನ್ಸ್ ಫೈಲೇ ಇಲ್ಲ. ಮಕ್ಕಳ ಪ್ರಾಜೆಕ್ಟ್‌ಗೆ ತಿದ್ದಿ ಹಾಕಬಹುದಾ?

ಉತ್ತರ: ಇಲ್ಲ ಮೇಡಂ. ಲೈಸೆನ್ಸ್ ಇಲ್ಲ ಅಂದರೆ ಎಲ್ಲ ಹಕ್ಕೂ ಬರೆದವರ ಬಳಿಯೇ ಇದೆ ಅಂತ. ಗಿಟ್‌ಹಬ್ ಒಳಗೆ ನೋಡಬಹುದು, ಫೋರ್ಕ್ (ನಿಮ್ಮ ಖಾತೆಗೆ ನಕಲು) ಮಾಡಬಹುದು, ಅಷ್ಟೇ. ಅಲ್ಲೇ ಒಂದು ಇಶ್ಯೂ ತೆರೆದು ‘ಎಂಐಟಿ ಅಥವಾ ಬಿಎಸ್‌ಡಿ ಹಾಕುವಿರಾ’ ಎಂದು ಕೇಳಿ. ಉತ್ತರ ಬರದಿದ್ದರೆ ಸೂತ್ರ ನೋಡಿ ಮಕ್ಕಳೇ ಬರೆಯಲಿ. ಸೂತ್ರಕ್ಕೆ ಕಾಪಿರೈಟ್ ಇಲ್ಲ.