ಅಮ್ಮನ ಪಿಂಚಣಿ ಮೂರು ತಿಂಗಳಿಂದ ಬಂದಿಲ್ಲ: ಬ್ಯಾಂಕಿಗೆ ಹೋಗಬೇಕಾ, ತಾಲ್ಲೂಕು ಕಚೇರಿಗಾ?

ಪ್ರಶ್ನೆ: ಅಮ್ಮನಿಗೆ 67 ವರ್ಷ. ಸಂಧ್ಯಾ ಸುರಕ್ಷಾದ 1,200 ರೂಪಾಯಿ ಮೂರು ತಿಂಗಳಿಂದ ಜಮಾ ಆಗಿಲ್ಲ. ಬ್ಯಾಂಕಿನವರು ‘ಆಧಾರ್ ಲಿಂಕ್ ಆಗಿದೆಯಲ್ಲ’ ಅಂತಾರೆ, ನಾಡಕಚೇರಿಯವರು ‘ನಮ್ಮ ಕಡೆಯಿಂದ ಹೋಗಿದೆ’ ಅಂತಾರೆ. ಯಾರ ಮಾತು ನಂಬೋದು ಸರ್?

ಉತ್ತರ: ಇಬ್ಬರ ಮಾತೂ ನಿಜ ಇರಬಹುದು. ಕೆವೈಸಿಗೆ, ಅಂದರೆ ಬ್ಯಾಂಕಿನ ಗುರುತಿನ ದಾಖಲೆಗೆ, ಆಧಾರ್ ಕೊಟ್ಟಿರುವುದು ಒಂದು. ಎನ್‌ಪಿಸಿಐ ಮ್ಯಾಪಿಂಗ್, ಅಂದರೆ ಈ ಆಧಾರ್‌ನ ಹಣ ಯಾವ ಬ್ಯಾಂಕಿಗೆ ಹೋಗಬೇಕು ಅಂತ ರಾಷ್ಟ್ರೀಯ ಪಾವತಿ ನಿಗಮದಲ್ಲಿರುವ ನಮೂದು, ಇನ್ನೊಂದು. ಸರ್ಕಾರದ ದುಡ್ಡು ಹೋಗುವುದು ಎರಡನೆಯದನ್ನು ನೋಡಿ. ಅದರಲ್ಲಿ ಒಂದು ಆಧಾರ್‌ಗೆ ಒಂದೇ ಬ್ಯಾಂಕ್, ಕೊನೆಗೆ ಮ್ಯಾಪ್ ಆದದ್ದೇ ಲೆಕ್ಕಕ್ಕೆ. ಊರಿನ ಕ್ಯಾಂಪಿನಲ್ಲಿ ಬೆರಳೊತ್ತಿ ಹೊಸ ಖಾತೆ ತೆರೆದಿದ್ದರೆ ಹಣ ಅಲ್ಲಿ ಕೂತಿರುವ ಸಾಧ್ಯತೆ ಹೆಚ್ಚು.

ಮೊದಲು ಸರ್ಕಾರ ನೇರವಾಗಿ ಖಾತೆಗೆ ಹಾಕಿದ ಹಣದ ವಿವರ ತೋರಿಸುವ ‘ಡಿಬಿಟಿ ಕರ್ನಾಟಕ’ ಆ್ಯಪ್ ತೆರೆಯಿರಿ. ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಒಟಿಪಿ ಬರುತ್ತದೆ, ಆ ಫೋನ್ ಕೈಯಲ್ಲಿರಲಿ. ಪಾವತಿ ಆಗಿದೆ ಅಂತ ತೋರಿಸಿ ಬೇರೆ ಬ್ಯಾಂಕಿನ ಹೆಸರು ಬಂದರೆ ಆ ಬ್ಯಾಂಕಿಗೆ ಹೋಗಿ ಹಣ ತೆಗೆಸಿ. ನಂತರ ಹಳೆಯ ಬ್ಯಾಂಕಿನಲ್ಲಿ ‘ಎನ್‌ಪಿಸಿಐ ಮ್ಯಾಪಿಂಗ್’ ಅಂತಲೇ ಬಾಯಿಬಿಟ್ಟು ಕೇಳಿ, ಒಪ್ಪಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಬರೀ ‘ಆಧಾರ್ ಲಿಂಕ್ ಮಾಡಿ’ ಅಂದರೆ ಮತ್ತೆ ಕೆವೈಸಿ ಮಾಡಿ ಕಳಿಸುತ್ತಾರೆ. ಕೆಲವು ದಿನ ಬಿಟ್ಟು ಆಧಾರ್ ಕೊಡುವ ಸಂಸ್ಥೆ ಯುಐಡಿಎಐ ವೆಬ್‌ಸೈಟಿನ ಬ್ಯಾಂಕ್ ಸೀಡಿಂಗ್ ಸ್ಟೇಟಸ್‌ನಲ್ಲಿ ಬ್ಯಾಂಕಿನ ಹೆಸರು ಬದಲಾಗಿದೆಯೇ ನೋಡಿ.

ಆ ತಿಂಗಳುಗಳ ನಮೂದೇ ಆ್ಯಪ್‌ನಲ್ಲಿ ಇಲ್ಲದಿದ್ದರೆ ಬ್ಯಾಂಕಿಗೆ ಅಲೆಯಬೇಡಿ. ಪರಿಶೀಲನೆಯಲ್ಲಿ ತಡೆಹಿಡಿದಿರಬಹುದು: ಆಧಾರ್‌ನಲ್ಲಿ ವಯಸ್ಸು ಬೇರೆ, ಹೆಸರು ಬೇರೆ, ವಿಳಾಸದಲ್ಲಿ ಇಲ್ಲ ಅಂತ ವರದಿ, ಹೀಗೆ. ಮಂಜೂರಾತಿ ಆದೇಶದ ಪ್ರತಿ, ಆಧಾರ್, ರೇಷನ್ ಕಾರ್ಡ್ ಹಿಡಿದು ಗ್ರಾಮ ಆಡಳಿತ ಅಧಿಕಾರಿಯನ್ನು ಕಂಡು, ತಹಶೀಲ್ದಾರರಿಗೆ ಲಿಖಿತ ಅರ್ಜಿ ಕೊಡಿ.

ಇನ್ನೊಬ್ಬರು: ಈ ದುಡ್ಡು ಕೇಂದ್ರದ್ದಾ, ರಾಜ್ಯದ್ದಾ? ಇಬ್ಬರೂ ತಮ್ಮದು ಅಂತಾರೆ.

ಉತ್ತರ: 2007ರಲ್ಲಿ ಶುರುವಾದ ಸಂಧ್ಯಾ ಸುರಕ್ಷಾ ಪೂರ್ತಿ ರಾಜ್ಯದ್ದು. ಇಂದಿರಾ ಗಾಂಧಿ ವೃದ್ಧಾಪ್ಯ ವೇತನದಲ್ಲಿ ಮಾತ್ರ ಕೇಂದ್ರದ ಪಾಲಿದೆ: 60ರಿಂದ 79 ವರ್ಷದವರಿಗೆ ತಿಂಗಳಿಗೆ 200, 80 ತುಂಬಿದವರಿಗೆ 500 ರೂಪಾಯಿ. ಅದಕ್ಕಿಂತ ಹೆಚ್ಚಿನದನ್ನು ರಾಜ್ಯ ಹಾಕುತ್ತದೆ. ಕೇಂದ್ರದ ಪಾಲು 1995ರಲ್ಲಿ 75 ರೂಪಾಯಿ ಇದ್ದದ್ದು 200ಕ್ಕೆ ಏರಿತು. ಆಮೇಲೆ ಸುಮಾರು ಎರಡು ದಶಕ ಆ ಅಂಕಿ ಅಲ್ಲಾಡಿಲ್ಲ, ಬೆಲೆಗಳು ಮಾತ್ರ ಏರುತ್ತಲೇ ಇವೆ. 2024-25ರಲ್ಲಿ ಇಡೀ ದೇಶದ ವೃದ್ಧರು, ವಿಧವೆಯರು, ಅಂಗವಿಕಲರ ಪಿಂಚಣಿ ಸೇರಿದ ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮಕ್ಕೆ ಕೇಂದ್ರದ ಬಜೆಟ್ 9,652 ಕೋಟಿ. ಅದೇ ವರ್ಷ ಕರ್ನಾಟಕ ಗೃಹಲಕ್ಷ್ಮಿಯೊಂದಕ್ಕೇ ಇಟ್ಟದ್ದು 28,608 ಕೋಟಿ. ಭಾರ ಯಾರ ಮೇಲಿದೆ ಅಂತ ಬೇರೆ ಹೇಳಬೇಕಿಲ್ಲ.

ಪ್ರಶ್ನೆ ಕೇಳಿದವರು: ಅಮ್ಮನಿಗೆ ಗೃಹಲಕ್ಷ್ಮಿಯೂ ಇದೆ ಸರ್. ಅದಕ್ಕೇ ಪಿಂಚಣಿ ನಿಲ್ಲಿಸಿರಬಹುದಾ?

ಉತ್ತರ: ಇಲ್ಲ, ಎರಡನ್ನೂ ಪಡೆಯಬಹುದು. ಆದರೆ ಒಳ್ಳೆ ಸುಳಿವು ಕೊಟ್ಟಿರಿ. ಎರಡೂ ಹೋಗುವುದು ಅದೇ ಆಧಾರ್ ಮ್ಯಾಪಿಂಗ್ ಮೇಲೆ. ಈ ಮೂರು ತಿಂಗಳಲ್ಲಿ ಗೃಹಲಕ್ಷ್ಮಿಯ 2,000 ರೂಪಾಯಿ ಅದೇ ಪಾಸ್‌ಬುಕ್‌ಗೆ ಬಿದ್ದಿದ್ದರೆ ಮ್ಯಾಪಿಂಗ್ ಸರಿಯಾಗಿದೆ ಅಂತಲೇ ಅರ್ಥ. ನೇರ ತಾಲ್ಲೂಕು ಕಚೇರಿಯ ಪಿಂಚಣಿ ಶಾಖೆಗೆ ಹೋಗಿ. ಎರಡೂ ಒಟ್ಟಿಗೆ ನಿಂತಿದ್ದರೆ ಮ್ಯಾಪಿಂಗ್‌ನಿಂದ ಶುರು ಮಾಡಿ.